ಸೂಲಗಿತ್ತಿ ಲಿಯೊಂಟೀನಳ ಕಾರ್ಬಾಲಿಕ್ ನೀರು

ಲಿಯೊಂಟೀನ್ ಊರಿಗೆ ಮರಳಿದಾಗ ಅವಳಿಗಿಂತ ಮೊದಲು ವಾಸನೆಯೇ ಬಂದು ಇಳಿಯಿತೆಂದು ಆ ದ್ವೀಪದ ಕಡಲಂಚಿನ ಹಳ್ಳಿ ಸೂಫ್ರಿಯೇರಿನ ಬೆಸ್ತರು ನಗಾಡಿದರು. ರೋಸೋ ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು, ಬುಟ್ಟಿಯಲ್ಲಿ ಕಾರ್ಬಾಲಿಕ್ ಬಾಟಲಿ ಇಟ್ಟುಕೊಂಡು ಬಂದಿದ್ದಳು. ಕಲ್ಲಿದ್ದಲ ಡಾಂಬರಿನಿಂದ ತೆಗೆದ, ಬಾಣಂತಿ ಜ್ವರ ತರುವ ರೋಗಾಣುಗಳನ್ನು ಕೊಲ್ಲುವ ಆ ಘಾಟು ಫೀನಾಲನ್ನು ಕಾಯಿಸಿದ ನೀರಿಗೆ ಒಂದಿಷ್ಟೇ ಬೆರೆಸಿ, ಅದರಲ್ಲಿ ಕೈ ತೊಳೆಯದೆ ಅವಳು ಯಾವ ಬಸುರಿಯನ್ನೂ ಮುಟ್ಟುತ್ತಿರಲಿಲ್ಲ. ಊರವರು ಮಾತ್ರ ಹೆರಿಗೆಗೆ ಜಬೆತ್ ಅಜ್ಜಿಯನ್ನೇ ಕರೆಯುತ್ತಿದ್ದರು. ಲಿಯೊಂಟೀನಳ ತಾಯಿಗೂ ಹೆರಿಗೆ ಮಾಡಿಸಿದವಳು ಆ ಅಜ್ಜಿಯೇ.

ಒಂದು ಮಧ್ಯಾಹ್ನ ಅಜ್ಜಿ ಏದುಸಿರು ಬಿಡುತ್ತಾ ಬಂದಳು. ಮೊಮ್ಮಗಳು ಇರ್ಮಾಗೆ ನೋವು ಶುರುವಾಗಿತ್ತು. ಕೂಸು ಅಡ್ಡ ಮಲಗಿತ್ತು. ಸಮುದ್ರ ಉಕ್ಕುತ್ತಿದ್ದುದರಿಂದ ರೋಸೋಗೆ ದೋಣಿ ಬಿಡುವಂತಿರಲಿಲ್ಲ.

"ಹೊಟ್ಟೆ ನೀವಿ ಕೂಸನ್ನ ನಾನು ತಿರುಗಿಸ್ತೀನಿ. ಆಮೇಲಿಂದು ನೀನು ನೋಡ್ಕೋ, ನನಗೆ ಧೈರ್ಯ ಸಾಲ್ದು. ಬಾರೇ!"

ಇರ್ಮಾಳ ಮಂಚದ ಪಕ್ಕ ಲಿಯೊಂಟೀನ್ ಬೋಗುಣಿ ಇಟ್ಟಳು. "ಮೊದ್ಲು ಕೈ ತೊಳಿ ಅಜ್ಜಿ."

"ಈ ಕೈಯಲ್ಲೇ ನಿನ್ನ ಹೊರಕ್ಕೆ ತೆಗೆದಿದ್ದು ಕಣೇ! ಅವತ್ತು ಗಲೀಜು ಅಂತ ಅಂದ್ಯಾ?"

"ಬಾಯಿ ಹರಿಯೋ ಹಾಗೆ ಅತ್ತೆನಂತಲ್ಲ, ಮತ್ತೇನಂದ್ಕೊಂಡಿದ್ದೆ?"

ನೋವಿನ ನಡುವೆಯೂ ಇರ್ಮಾ ನಕ್ಕುಬಿಟ್ಟಳು. ಅಜ್ಜಿ ಗೊಣಗುತ್ತಾ ಕೈ ಅದ್ದಿದಳು. "ಅಯ್ಯೋ, ಬೆರಳೆಲ್ಲ ಜೋಮು ಹಿಡೀತಲ್ಲೇ!"

ಆ ಮುದಿ ಕೈಗಳು ಹೊಟ್ಟೆಯ ಮೇಲೆ ಮೆಲ್ಲಗೆ, ಬಿಡದೆ ಆಡಿದವು. ಲಿಯೊಂಟೀನ್ ಅಂಥದ್ದನ್ನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಕೂಸು ತಿರುಗಿತು. ಹೊತ್ತು ಮುಳುಗುವ ಮುಂಚೆ ಹೆಣ್ಣುಮಗು ಲಿಯೊಂಟೀನಳ ಕೈಗೆ ಬಂತು.

ಬಾಣಂತಿ ಜ್ವರಕ್ಕೆ ಹೆದರಿ ಅಜ್ಜಿ ದಿನಾ ಬೆಳಿಗ್ಗೆ ಇರ್ಮಾಳ ಹಣೆ ಮುಟ್ಟಿ ನೋಡಿದಳು. ಜ್ವರ ಬರಲೇ ಇಲ್ಲ. ಇರ್ಮಾ ಎದ್ದು ಓಡಾಡತೊಡಗಿದ ಮೇಲೆ ಅಜ್ಜಿ ಲಿಯೊಂಟೀನಳ ಜಗಲಿಗೆ ಬಂದು ಕೂತಳು.

"ಇರ್ಮಾಳನ್ನ ಹೆತ್ತು ನನ್ನ ಮಗಳು ಸೆಲೆಸ್ತ್ ಅದೇ ಜ್ವರದಲ್ಲಿ ಹೋದಳು. ಹೆರಿಗೆ ಮಾಡಿಸಿದ್ದು ನಾನೇ. ಅವತ್ತು ಈ ನೀರು ಇದ್ದಿದ್ರೆ..."

ಸುಳ್ಳು ಹೇಳಲು ಲಿಯೊಂಟೀನಳಿಗೆ ಮನಸ್ಸಾಗಲಿಲ್ಲ. ಹೌದೆಂದು ಅಜ್ಜಿಯನ್ನು ನೋಯಿಸಲೂ ಇಷ್ಟವಿರಲಿಲ್ಲ. "ಅವತ್ತು ನಿನಗೆ ಇದನ್ನ ಯಾರೂ ಕೊಟ್ಟಿರ್ಲಿಲ್ಲ ಅಜ್ಜಿ," ಎಂದು ಪಕ್ಕದಲ್ಲಿ ಕೂತಳು.

ಅಜ್ಜಿ ಅತ್ತಳು. ಅತ್ತು ಹಗುರಾಗಿ, ಲಿಯೊಂಟೀನ್ ಕೊಟ್ಟ ಬಿಸಿ ಕೋಕೋ ಕುಡಿದು, ಇನ್ನೊಂದು ಲೋಟ ಕೇಳಿದಳು. "ಗುಡ್ಡದ ಮನೆಯವಳಿಗೆ ದಿನ ತುಂಬಿದೆ. ಇಬ್ರೂ ಹೋಗೋಣ."

ಮುಂದೆ ಊರಿನ ಹೆರಿಗೆಗಳಿಗೆಲ್ಲ ಇಬ್ಬರೂ ಜೊತೆಯಾಗಿಯೇ ಹೋದರು. ಅಜ್ಜಿಯಿಂದ ಹೊಟ್ಟೆ ನೀವುವುದನ್ನು ಲಿಯೊಂಟೀನ್ ನಿಧಾನಕ್ಕೆ ಕಲಿತಳು. ಅಜ್ಜಿ ತೀರಿಹೋದ ಮೇಲೆ, ಕೆಲಸ ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಅದನ್ನೂ ಹೇಳಿಕೊಟ್ಟು, ತುಂಬು ಮುಪ್ಪಿನವರೆಗೆ ನೆಮ್ಮದಿಯಾಗಿ ಬದುಕಿದಳು.