ಬೀಗರ ಗೇಟಿನ ಮೇಲೆ ಬಿದ್ದ ಮಗಳು

ಶ್ರೀಗಂಧದ ಕಾವಲಿನ ಮುನಿಲಕ್ಷ್ಮಮ್ಮನವರಿಗೆ ಇಬ್ಬರು ಮಕ್ಕಳು. ಮಗ ಕಾಂತರಾಜು ಮಾಗಡಿ ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನೆ. ಮಗಳು ಬೇವಿನ ಮರ.

ಕಾಂತರಾಜು ಹುಟ್ಟಿದ ಮೇಲೆ ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಹೆಣ್ಣು ಹೆರದವಳಿಗೆ ಕನ್ಯಾದಾನದ ಪುಣ್ಯ ಎಲ್ಲಿಂದ ಬರಬೇಕು ಎಂಬುದು ಅವರ ಒಳಗಿನ ಕೊರಗು. ರಾಗಿ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ, ಬೀದಿಯ ಕೊನೆಯ ಕಟ್ಟೆಯ ಮೇಲಿದ್ದ ಅಶ್ವತ್ಥದ ಸಸಿಯ ಪಕ್ಕ ಒಂದು ಬೇವಿನ ಸಸಿ ನೆಟ್ಟು, ದಿನಾ ಬಿಂದಿಗೆ ನೀರು ಹೊತ್ತು ಸಾಕಿದರು. ಎರಡೂ ಆಳೆತ್ತರ ಆದಾಗ ಮದುವೆ ಇಟ್ಟುಕೊಂಡರು. ಅಶ್ವತ್ಥ ಗಂಡು, ಬೇವು ಹೆಣ್ಣು. ಗಂಡಿಗೆ ಮೊದಲು ಮುಂಜಿ ಮಾಡಿ ಜನಿವಾರವನ್ನೂ ಹಾಕಿದರು.

ಗಂಡಿನ ಅಪ್ಪ ಅಮ್ಮನ ಸ್ಥಾನದಲ್ಲಿ ಕೂತವರು ಕಟ್ಟೆಯ ಎದುರು ಮನೆಯ ನಾರಾಯಣಪ್ಪ ಮತ್ತು ರಾಮಕ್ಕ. ನಾರಾಯಣಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅರಿಶಿನದ ದಾರದಲ್ಲಿ ಕಟ್ಟಿದ ತಾಳಿಯನ್ನು ಯಾರಾದರೂ ಬಿಚ್ಚಿಕೊಂಡು ಹೋದಾರು ಎಂದು, ದಪ್ಪ ಕಬ್ಬಿಣದ ತಂತಿಗೆ ತಾಳಿ ಪೋಣಿಸಿ, ಇಕ್ಕಳದಲ್ಲಿ ತಿರುಚಿ, "ಇನ್ನು ಏಳೇಳು ಜನ್ಮಕ್ಕೂ ಬಿಚ್ಚಲ್ಲ" ಎಂದಿದ್ದರು.

ಅದಾಗಿ ಇಪ್ಪತ್ತೆರಡು ವರ್ಷ. ಎರಡು ಮನೆಯವರೂ ಅಂದಿನಿಂದ ಬೀಗರು. ಮೊದಲ ಆಷಾಢದಲ್ಲಿ ಹೊಸ ಸೊಸೆ ಅತ್ತೆಮನೆಯಲ್ಲಿ ಇರಬಾರದಲ್ಲ, ಮರವನ್ನು ತವರಿಗೆ ಕರೆತರುವುದು ಹೇಗೆ? ಮುನಿಲಕ್ಷ್ಮಮ್ಮ ಒಂದು ರೆಂಬೆಯನ್ನು ಹಿತ್ತಾಳೆ ಬಿಂದಿಗೆಯಲ್ಲಿಟ್ಟು ತಿಂಗಳಿಡೀ ಮನೆಯಲ್ಲಿ ಇಟ್ಟುಕೊಂಡರು. ಪ್ರತಿ ಗೌರಿ ಹಬ್ಬಕ್ಕೆ ಮೊರದ ಬಾಗಿನ ತಪ್ಪಲಿಲ್ಲ. ಬೀಗಿತ್ತಿಯರ ಜಗಳವೂ ತಪ್ಪಲಿಲ್ಲ.

"ನಿಮ್ಮ ಹುಡುಗಿ ನಮ್ಮ ಅಂಗಳದ ತುಂಬಾ ಎಲೆ ಉದುರಿಸ್ತಾಳೆ. ಗುಡಿಸೋರ್ಯಾರು?" ಎಂದು ರಾಮಕ್ಕ ಅಂದರೆ, "ನಿಮ್ಮ ಮಗ ಏನು ಉದುರಿಸೋದೇ ಇಲ್ವಾ?" ಎಂದು ಇವರು ಅನ್ನುತ್ತಿದ್ದರು. ಕಾಂತರಾಜುವಿನ ಹೆಂಡತಿ ಮಾನಸ ಮಾತ್ರ, "ನನಗೆ ಮಾತಾಡದ ನಾದಿನಿ ಸಿಕ್ಕಿದಾಳೆ, ನನ್ನ ಪುಣ್ಯ" ಎಂದು ನಗುತ್ತಿದ್ದಳು.

ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ಬೆಂಗಳೂರು ಮುಟ್ಟುವ ಹೊತ್ತಿಗೆ ಸುಸ್ತಾಗಿ ಬರೀ ಜಿಟಿಜಿಟಿ ಮಳೆಯಾಗಿರುತ್ತವೆ. ಈ ಸಲದ್ದು ಸುಸ್ತಾಗಿರಲಿಲ್ಲ. ಅದು ಬಂದ ಸಂಜೆ ಮುನಿಲಕ್ಷ್ಮಮ್ಮ ಬ್ಯಾಡರಹಳ್ಳಿಯಲ್ಲಿ, ತವರುಮನೆಯ ನಾಮಕರಣದಲ್ಲಿದ್ದರು. ಗಾಳಿಗೆ ಕರೆಂಟೂ ಹೋಯಿತು, ಬಸ್ಸೂ ನಿಂತಿತು. ಬೆಳಗ್ಗೆ ಮಾನಸಳ ಫೋನು ಬಂತು.

"ಅತ್ತೆ, ಗಾಬರಿ ಆಗ್ಬೇಡಿ. ಮನೆ ಚೆನ್ನಾಗಿದೆ. ಮಾವ ಚೆನ್ನಾಗಿದಾರೆ. ನಾದಿನಿ ಬಿದ್ದೋಗಿದಾಳೆ."

"ಉಸಿರಿದ್ಯೇನೇ?" ಎಂದು ಇವರು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ಮುನಿಲಕ್ಷ್ಮಮ್ಮ ಸೆರಗು ಬಿಗಿದು ನಡೆದೇ ಹೊರಟರು. ಮಾಗಡಿ ರಸ್ತೆಯನ್ನು ಯಾರೋ ಎತ್ತಿ ಒದರಿ ಹಾಸಿದ ಹಾಗಿತ್ತು. ಕಂಬಗಳು ತಂತಿ ಹಿಡಿದುಕೊಂಡೇ ಮಲಗಿದ್ದವು. ಒಂದು ಕಪ್ಪು ನೀರಿನ ಟ್ಯಾಂಕು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿತ್ತು. ಬಸ್ಸು ಬರುವುದಿಲ್ಲ ಎಂದು ಗೊತ್ತಿದ್ದರೂ ನಾಲ್ಕು ಜನ ಅದರ ಪಕ್ಕ ಜಾಗ ಮಾಡಿಕೊಂಡು ಕಾಯುತ್ತಿದ್ದರು. ಕಲ್ಯಾಣಮಂಟಪದ 'ಸುಸ್ವಾಗತ' ಕಮಾನು ಮೋರಿಗೆ ಬಾಗಿಲಾಗಿತ್ತು. ಚಾವಣಿ ಹಾರಿಹೋದ ಕ್ಷೌರದಂಗಡಿಯಲ್ಲಿ ಒಬ್ಬರು ಆಕಾಶ ನೋಡುತ್ತಾ ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಬಾಗಿಲಿಗೆ 'ಏಸಿ ಇದೆ, ಬಾಗಿಲು ಮುಚ್ಚಿ' ಎಂಬ ಬೋರ್ಡಿತ್ತು. ಒಳಗೆ ಹೋದವರು ಅದನ್ನು ಮರೆಯದೆ ಮುಚ್ಚುತ್ತಿದ್ದರು.

ಸುಂಕದಕಟ್ಟೆಯ ಹತ್ತಿರ, ಗೋಡೆಗಳು ಮಾತ್ರ ಉಳಿದ ಮನೆಯ ಮುಂದೆ ಒಬ್ಬ ಮುದುಕಿ ತೋಯ್ದ ಹಾಸಿಗೆಯ ಮೇಲೆ ಕೂತಿದ್ದಳು. ಲಿಂಗಮ್ಮ ಎಂದು ಆಮೇಲೆ ಹೆಸರು ಹೇಳಿದಳು.

"ಬ್ಯಾಡರಹಳ್ಳಿ ಕಡೆಯಿಂದ ಬಂದ್ರೇನವ್ವಾ? ನಮ್ಮನೆ ಶೀಟು ಎಲ್ಲಾರ ಕಂಡ್ರಾ? ನೀಲಿದು."

"ಕಂಬದ ಮೇಲೊಂದು ಕೂತಿತ್ತು ಕಣಮ್ಮ. ನೀಲೀನೇ."

"ಮೂಲೇಲಿ ಸುಣ್ಣದ ಗುರುತಿತ್ತಾ?"

"ಅಷ್ಟು ನೋಡ್ಲಿಲ್ಲ."

"ಹಂಗಾರೆ ನಮ್ದಲ್ಲ ಬಿಡಿ. ನಮ್ಮದು ಅಷ್ಟು ದೂರ ಹೋಗೋ ಶೀಟಲ್ಲ."

ಮಗಳ ಅವಸರವಿದ್ದರೂ ಮುನಿಲಕ್ಷ್ಮಮ್ಮ ಕೂತು ಅವಳ ಕಥೆಯನ್ನೆಲ್ಲ ಕೇಳಿದರು. ನಾಮಕರಣದ ಹೋಳಿಗೆಯ ಪೊಟ್ಟಣವನ್ನು ಅವಳ ಕೈಗಿಟ್ಟು ಎದ್ದರು.

ತಮ್ಮ ಬೀದಿಗೆ ತಿರುಗಿದಾಗ ಅವರ ಕಾಲು ನಿಂತಿತು. ಬೇವು ಕಟ್ಟೆಯಿಂದ ರಸ್ತೆಗೆ ಅಡ್ಡಲಾಗಿ ಬಿದ್ದು, ತಲೆಯನ್ನು ರಾಮಕ್ಕನ ಗೇಟಿನೊಳಗೆ ಇಟ್ಟಿತ್ತು. ಒಂದು ಪಕ್ಕದ ಬೇರುಗಳು ಮಣ್ಣಿನ ಸಮೇತ, ಕಟ್ಟೆಯ ಎರಡು ಚಪ್ಪಡಿಗಳನ್ನೂ ಹೊತ್ತು ಮೇಲೆದ್ದಿದ್ದವು. ಇನ್ನೊಂದು ಪಕ್ಕದವು ನೆಲ ಬಿಟ್ಟಿರಲಿಲ್ಲ. ಅಶ್ವತ್ಥ ನೆಟ್ಟಗೆ ನಿಂತಿತ್ತು, ಏನೂ ಗೊತ್ತಿಲ್ಲದ ಗಂಡಸಿನ ಹಾಗೆ.

ಬೀದಿಯವರೆಲ್ಲ ಸೇರಿದ್ದರು. "ಇಪ್ಪತ್ತೆರಡು ವರ್ಷ ಆದ್ಮೇಲೆ ಸೊಸೆ ಅತ್ತೆಮನೆಗೆ ಕಾಲಿಟ್ಟಳು ನೋಡಿ," ಎಂದಿತು ಒಂದು ಬಾಯಿ. "ಸೇರಕ್ಕಿ ಒದೆಯೋ ಬದಲು ಗೇಟೇ ಒದ್ದವಳೆ," ಎಂದಿತು ಇನ್ನೊಂದು.

ರಾಮಕ್ಕ ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರು.

"ಸೂತಕ ಬೀಗಿತ್ತಿ. ಒಲೆ ಹಚ್ಚಿಲ್ಲ. ಪುರೋಹಿತರಿಗೆ ಫೋನ್ ಮಾಡಿದ್ದೆ. ಗಂಡ ಇರುವಾಗಲೇ ಹೋಗಿದಾಳೆ, ಮುತ್ತೈದೆ ಸಾವು, ಅಳಬಾರದು ಅಂದ್ರು. ಹನ್ನೊಂದು ದಿನ ಕಳೆದ್ಮೇಲೆ ಬೇರೆ ಬೇವು ತರಬಹುದಂತೆ. ನರ್ಸರೀಲಿ ಒಳ್ಳೊಳ್ಳೇವು ಸಿಗುತ್ತವೆ."

"ಅವಳ ಎಲೆ ಇನ್ನೂ ಹಸುರಾಗೇ ಅದೆ! ನೀವಾಗಲೇ ಎರಡನೇ ಸಂಬಂಧ ನೋಡ್ತಾ ಇದೀರಾ?"

"ನನ್ನ ಮಗ ಒಂಟಿಯಾಗಿ ನಿಂತವನೆ. ನನಗೂ ಹೊಟ್ಟೆ ಉರಿಯಲ್ವಾ?"

ಅಷ್ಟರಲ್ಲಿ ಪಾಲಿಕೆಯ ಮರ ಕೊಯ್ಯುವ ಗಾಡಿ ಬಂತು. ಮೇಸ್ತ್ರಿ ಸೋಮಲಿಂಗಪ್ಪ ಗರಗಸದ ಮೆಷಿನ್ ಇಳಿಸಿದರು. ಕೆನ್ನೆಯ ಮೇಲೆ ಕಿವಿಯವರೆಗೆ ಹಳೆಯ ಗಾಯದ ಬರೆ.

"ಅಪ್ಪಾ, ಜೀವ ಅದೆ. ಎತ್ತಿ ನಿಲ್ಲಿಸೋಕೆ ಆಗಲ್ವಾ?" ಎಂದು ಮುನಿಲಕ್ಷ್ಮಮ್ಮ ಅಡ್ಡ ನಿಂತರು.

"ಕ್ರೇನ್‌ಗಳೆಲ್ಲ ಮೇನ್ ರೋಡಲ್ಲಿವೆ ಅಮ್ಮ. ಸಂಜೆಯೊಳಗೆ ಈ ರಸ್ತೆ ಬಿಡಿಸ್ಬೇಕು. ಬುಡಕ್ಕೇ ಕೊಯ್ತೀನಿ." ಅವರು ಜನರ ಕಡೆ ತಿರುಗಿದರು. "ಒಳಗೆ ಮೊಳೆಗಿಳೆ ಏನಾದ್ರೂ ಇದ್ಯಾ?"

"ಮೊಳೆ ಇಲ್ಲ," ಎಂದರು ನಾರಾಯಣಪ್ಪ, ಗಂಟಲು ಸರಿಮಾಡಿಕೊಂಡು. "ತಾಳಿ ಇದೆ."

ಸೋಮಲಿಂಗಪ್ಪ ಮೆಷಿನ್ ಕೆಳಗಿಟ್ಟರು. "ಚಿನ್ನದ್ದಾ?"

"ತಾಳಿ ಚಿನ್ನದ್ದು. ತಂತಿ ಕಬ್ಬಿಣದ್ದು. ಎಂಟು ಗೇಜು, ಕಾರ್ಖಾನೆ ಮಾಲು." ಆ ಸಂಕಟದಲ್ಲೂ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ಕಬ್ಬಿಣಕ್ಕೆ ತಾಗಿದ್ರೆ ಗರಗಸದ ಚೈನ್ ತುಂಡಾಗಿ ಮುಖಕ್ಕೇ ಬರುತ್ತೆ ಸಾರ್. ಈ ಕೆನ್ನೆ ನೋಡಿ, ಅದೇ ಕಥೆ. ಎಲ್ಲಿದೆ ತೋರಿಸಿ."

"ಕತ್ತಲ್ಲಿ."

"ಮರದ ಕತ್ತು ಯಾವುದು?"

ಇದು ಬೀದಿಯಲ್ಲಿ ಯಾರೂ ಯೋಚಿಸಿರದ ಪ್ರಶ್ನೆ. ತಲೆ ಎಲ್ಲಿದೆ ಎಂದು ಗೊತ್ತಾದರೆ ತಾನೆ ಕತ್ತು ಗೊತ್ತಾಗುವುದು? ಕವಲೊಡೆದ ಜಾಗವೇ ಕತ್ತು ಎಂದರು ಕೆಲವರು. ಮರ ಬೆಳೆದ ಹಾಗೆ ತಾಳಿಯೂ ಮೇಲೆ ಹೋಗಿ ಈಗ ಮೂರಾಳೆತ್ತರದಲ್ಲಿರಬೇಕು ಎಂದರು ಇನ್ನು ಕೆಲವರು. ತೊಗಟೆ ಅದನ್ನು ನುಂಗಿ ಎಷ್ಟೋ ವರ್ಷವಾಗಿತ್ತು, ಹೊರಗೆ ಒಂದು ಎಳೆಯೂ ಕಾಣುತ್ತಿರಲಿಲ್ಲ. ರಾಮಕ್ಕ ಮದುವೆಯ ಆಲ್ಬಮ್ ತಂದರು. ಫೋಟೋದಲ್ಲಿ ಸೊಸೆಯ ಕತ್ತಿನ ಮುಂದೆ ಸರಿಯಾಗಿ ಪುರೋಹಿತರ ಬೆನ್ನಿತ್ತು.

ಮುನಿಲಕ್ಷ್ಮಮ್ಮ ಸುಮ್ಮನೆ ನಿಂತಿದ್ದರು. ಅವರಿಗೆ ಗೊತ್ತಿತ್ತು. ಮರ ಬೆಳೆಯುವುದು ತುದಿಯಲ್ಲಿ, ಕಟ್ಟಿದ್ದು ಕಟ್ಟಿದ ಕಡೆಯೇ ಇರುತ್ತದೆ. ಸೊಂಟದೆತ್ತರದಲ್ಲಿ ತೊಗಟೆ ತುಟಿಯ ಹಾಗೆ ಉಬ್ಬಿದ ಜಾಗಕ್ಕೆ ಪ್ರತಿ ಶುಕ್ರವಾರ ಅವರ ಬೆರಳು ಅರಿಶಿನ ಕುಂಕುಮ ಇಟ್ಟಿತ್ತು. ರಾತ್ರಿಯ ಮಳೆ ಅದನ್ನು ತೊಳೆದಿತ್ತು. ಯಾರೂ ಅವರನ್ನು ಕೇಳಲಿಲ್ಲ. ಕೇಳದೆ ಇದ್ದಾಗ ಹೇಳದೆ ಇರುವುದು ಸುಳ್ಳಲ್ಲ ಎಂದು ಅವರು ದೇವರಿಗೆ ಮನಸ್ಸಿನಲ್ಲೇ ಒಂದು ಸಮಜಾಯಿಷಿ ಕೊಟ್ಟರು. ತಾಳಿ ಸಿಗದಿದ್ದರೆ ಮೆಷಿನ್ ಶುರುವಾಗುವುದಿಲ್ಲ. ಅಷ್ಟರಲ್ಲಿ ಎಲ್ಲಿಂದಾದರೂ ಕ್ರೇನ್ ಬಂದೀತು.

ಸೋಮಲಿಂಗಪ್ಪ ಗಡಿಯಾರ ನೋಡಿಕೊಂಡರು. "ಇನ್ನೂ ಹದಿನಾಲ್ಕು ಮರ ಇದಾವೆ. ಆಗಿದ್ದಾಗ್ಲಿ," ಎಂದು ಮೆಷಿನ್ ಚಾಲೂ ಮಾಡಿ, ಬುಡದಿಂದ ಒಂದು ಅಂದಾಜು ಹಿಡಿದು ಬಗ್ಗಿದರು. ಸರಿಯಾಗಿ ಆ ಉಬ್ಬಿನ ಮೇಲೆಯೇ. ಮುಖದ ಬರೆ ಬಿಸಿಲಿಗೆ ಹೊಳೆಯಿತು.

"ಅಲ್ಲಿ ಬೇಡ ಕಣಪ್ಪಾ!"

ಮುನಿಲಕ್ಷ್ಮಮ್ಮ ಮುಂದೆ ನುಗ್ಗಿದರು. ಮೆಷಿನ್ ನಿಂತಿತು. ಅವರು ಉಬ್ಬಿನ ಮೇಲೆ ಅಂಗೈ ಇಟ್ಟು, ಮಗಳನ್ನು ತಾವೇ ಹಿಡಿದುಕೊಟ್ಟ ಹಾಗೆ ಕಣ್ಣು ಮುಚ್ಚಿಕೊಂಡರು. "ಇಲ್ಲಿದೆ. ನನಗೆ ಮೊದಲಿಂದ್ಲೂ ಗೊತ್ತಿತ್ತು. ಹೇಳಲಿಲ್ಲ. ತಪ್ಪಾಯ್ತು."

ಸೋಮಲಿಂಗಪ್ಪ ಉಬ್ಬನ್ನು ಮುಟ್ಟಿ ನೋಡಿದರು. ಬಯ್ಯಲಿಲ್ಲ. "ಹಾಗಾದ್ರೆ ಇದರ ಮೇಲಕ್ಕೆ ಕೊಯ್ತೀನಿ. ಬುಡದ ವಿಷಯ ಆಮೇಲೆ." ಎರಡು ಗೇಣು ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಬೇರಿನ ಗುಂಡಿ ಹತ್ರ ಯಾರೂ ನಿಲ್ಲಬೇಡಿ. ಭಾರ ಇಳಿದ್ರೆ ಬುಡ ಎಗರುತ್ತೆ."

ಬುಡ ಎಗರುವುದು ಎಂದರೆ ಏನೆಂದು ಯಾರಿಗೂ ಅರ್ಥವಾಗಲಿಲ್ಲ. ಆದರೂ ಹಿಂದೆ ಸರಿದರು. ಗರಗಸ ಕೂಗಿತು, ಬೇವಿನ ಕಹಿ ವಾಸನೆ ಬೀದಿ ತುಂಬಿತು. ತುಂಡು ಬೇರಾಗಿ ರಸ್ತೆಗೆ ಬಿತ್ತು. ಆ ಭಾರ ಇಳಿದದ್ದೇ ತಡ, ಮೇಲೆದ್ದಿದ್ದ ಬೇರುಗಳು ಮಣ್ಣು, ಚಪ್ಪಡಿಗಳ ಸಮೇತ 'ಧೊಪ್' ಎಂದು ಗುಂಡಿಗೆ ಇಳಿದವು. ಎದೆಯೆತ್ತರದ ಕಾಂಡ ನಿದ್ದೆಯಿಂದ ಎದ್ದವರ ಹಾಗೆ ತಾನಾಗಿಯೇ ನೆಟ್ಟಗಾಗಿ, ಗಂಡನ ಪಕ್ಕದಲ್ಲಿ ನಿಂತುಕೊಂಡಿತು.



ರಾಮಕ್ಕ ಪುರೋಹಿತರಿಗೆ ಫೋನ್ ಒತ್ತಿದರು. "ಸ್ವಾಮೀ, ನಾನು ರಾಮಕ್ಕ. ಸೊಸೆ ಎದ್ದು ನಿಂತ್ಕೊಂಡವಳೆ. ಈಗ ನಾವು ಏನು ಮಾಡಬೇಕು?... ಇಲ್ಲ ಸ್ವಾಮೀ, ತಲೆ ಸರಿಯಾಗೇ ಇದೆ... ನನ್ನದು."



ಮುನಿಲಕ್ಷ್ಮಮ್ಮ ಸೋಮಲಿಂಗಪ್ಪನವರ ಮುಖವನ್ನೇ ನೋಡುತ್ತಿದ್ದರು. "ಬುಡದ ವಿಷಯ ಆಮೇಲೆ ಅಂದ್ರಲ್ಲಪ್ಪ."

"ಬಿದ್ದ ಮರ ತೆಗೀರಿ ಅಂತ ನನಗೆ ಆರ್ಡರ್," ಎಂದರು ಅವರು, ಬೆವರು ಒರೆಸಿಕೊಳ್ಳುತ್ತಾ. "ಇದು ನಿಂತಿದೆ. ನಿಂತಿರೋದನ್ನ ಮುಟ್ಟೋ ಹಾಗಿಲ್ಲ. ಬೇವು ಗಟ್ಟಿ ಜೀವ ಅಮ್ಮ, ಬೇರಲ್ಲಿ ಗಾಳಿ ಆಡದ ಹಾಗೆ ಮಣ್ಣು ತುಳೀರಿ, ಚಿಗುರಿದ್ರೂ ಚಿಗುರುತ್ತೆ. ಏಯ್, ಗಾಡಿ ತಿರುಗ್ಸಿ!"

ಮುನಿಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಒದ್ದೆ ಮಣ್ಣು ಮೊಣಕಾಲಿನವರೆಗೆ ಸಿಡಿಯಿತು. ಜಾರುತ್ತಿತ್ತು. ಆಧಾರಕ್ಕೆ ಅಳಿಯನ ಕಾಂಡ ಹಿಡಿದುಕೊಂಡು ತುಳಿಯತೊಡಗಿದರು. ಒಂದು ಗಳಿಗೆ ನೋಡಿ ರಾಮಕ್ಕನೂ ಸೀರೆ ಎತ್ತಿಕಟ್ಟಿ ಬಂದರು.

"ಆ ಕಡೆ ನೀವು ತುಳೀರಿ, ಈ ಕಡೆ ನನ್ನದು," ಎಂದರು ಮುನಿಲಕ್ಷ್ಮಮ್ಮ.

"ಗೇಟು ಮಾತ್ರ ಹೆಣ್ಣಿನ ಕಡೆಯವರೇ ಮಾಡಿಸ್ಬೇಕು."

"ತುಳೀರಿ ಬೀಗಿತ್ತಿ, ಆಮೇಲೆ ಮಾತಾಡೋಣ."

ಅಶ್ವತ್ಥದ ಎರಡು ಪಕ್ಕ ಹಿಡಿದುಕೊಂಡು ಇಬ್ಬರೂ ಏದುಸಿರು ಬಿಡುತ್ತಾ ತುಳಿಯುತ್ತಿದ್ದರು. ಮುನಿಲಕ್ಷ್ಮಮ್ಮನವರ ಗಂಡ ದೊಡ್ಡಣ್ಣ ಪಂಚೆ ಸರಿಪಡಿಸಿಕೊಂಡು ಮನೆಯಿಂದ ಹೊರಗೆ ಬಂದವರು, ನೋಡಿ, ಬಾಗಿಲಲ್ಲಿದ್ದ ಮಾನಸಳ ಪಕ್ಕ ನಿಂತುಬಿಟ್ಟರು.

"ಏನಮ್ಮ ಮಾನಸ, ನಿಮ್ಮತ್ತೆ ಯಾಕೆ ಬೀಗಿತ್ತಿ ಜೊತೆ ಕುಣೀತಾವಳೆ?"