ಒಂದೇ ಬಣ್ಣದ ಕೇಪುಗಳು

ನಮ್ಮೂರಲ್ಲಿ ಅದಕ್ಕೆ ಕೇಪು ಅಂತಲೇ ಹೆಸರು. ಕೋವಿಗೆ ತುಂಬುವ ತೋಟೆಯ ಬುಡದಲ್ಲಿ ಕೂತಿರುವ ತೊಗರಿಬೇಳೆಯಷ್ಟು ಗಾತ್ರದ ಹಿತ್ತಾಳೆ ಬಟ್ಟಲು. ಕೋವಿಯ ಸೂಜಿ ಅದಕ್ಕೆ ಬಡಿದರೆ ಕಿಡಿ ಹಾರಿ ಒಳಗಿನ ಮದ್ದಿಗೆ ಬೆಂಕಿ ಹತ್ತುತ್ತದೆ. ಮಸ್ಕತ್ತಿನಲ್ಲಿ ಎಲ್ಲರೂ ಪ್ರೈಮರ್ ಅನ್ನುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಬರ್ಕಾ ಕಡೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಶೂಟರುಗಳಿಗೆ ತೋಟೆ ತುಂಬಿಕೊಡುವ ಕೆಲಸದಲ್ಲಿದ್ದೆ. ರಜೆಗೆ ಹೋದಾಗ ಊರವರು ನನ್ನನ್ನು ಮಿಲಿಟರಿ ಮನುಷ್ಯ ಎಂದುಕೊಳ್ಳುತ್ತಿದ್ದರು. ಎಂಥ ಮಿಲಿಟರಿ ಮಾರಾಯ್ರೆ! ಇಡೀ ದಿನ ಎಸಿ ರೂಮಿನಲ್ಲಿ ಕೂತು ಮದ್ದು ತೂಗುವುದು, ಕೇಪು ಒತ್ತುವುದು, ಅಷ್ಟೇ.

ಆ ವರ್ಷ ಕ್ಲಬ್ಬಿನ ಹಿರಿಯ ಶೂಟರಿಗೆ ಗ್ರಹಚಾರ ಕೆಟ್ಟಿತ್ತು. ಬಲೂಚಿ ಮೂಲದ ಒಮಾನಿ ಅವರು. ಹಿಂದಿ ನನಗಿಂತ ಚೆಂದ ಮಾತಾಡುತ್ತಿದ್ದರು. ಮುನ್ನೂರು ಮೀಟರ್ ದೂರದ ಗುರಿಗೆ ಅವರನ್ನು ಮೀರಿಸುವವರು ಕ್ಲಬ್ಬಿನಲ್ಲಿ ಇರಲಿಲ್ಲ. ಆದರೆ ಈಚೆಗೆ ಅವರ ಗುಂಡುಗಳು ಒಂದು ಮೇಲೆ, ಒಂದು ಕೆಳಗೆ ಹೋಗತೊಡಗಿದ್ದವು. ಕಣ್ಣು ಹೋಗಿದೆ, ವಯಸ್ಸಾಯಿತು ಎಂದು ಎಲ್ಲರೂ ಪಿಸುಗುಟ್ಟಿದರು. ಗುರುವಾರದ ಆಯ್ಕೆಯಲ್ಲಿ ಹೀಗೇ ಆದರೆ ತಂಡದಿಂದ ಹೊರಗೆ ಎಂದು ಕೋಚ್ ಹೇಳಿಬಿಟ್ಟಿದ್ದರು. ಇಪ್ಪತ್ತು ವರ್ಷದಿಂದ ಬೇರೆ ಕೆಲಸವೇ ಗೊತ್ತಿಲ್ಲದ ಮನುಷ್ಯ. "ಭಾಯಿ, ನನಗೆ ಗುರಿ ಸರಿಯಾಗಿಯೇ ಕಾಣ್ತದೆ" ಎಂದು ನನ್ನ ಹತ್ತಿರ ಬಂದು ಹೇಳುವಾಗ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

ಮೇಲೆ ಕೆಳಗೆ ಹೋಗುವುದೆಂದರೆ ನನಗೆ ಮೊದಲು ಬರುವ ಸಂಶಯ ತೋಟೆಯ ಮೇಲೆ. ಮದ್ದು ಮತ್ತೆ ತೂಗಿದೆ, ಕೂದಲೆಳೆ ವ್ಯತ್ಯಾಸ ಇಲ್ಲ. ಕೇಪಿನ ಟ್ರೇ ತೆಗೆದೆ. ಮೊನ್ನೆ ನಾನೇ ಅರ್ಧ ಖಾಲಿ ಮಾಡಿ ಸ್ಟೋರಿಗೆ ವಾಪಸು ಕೊಟ್ಟಿದ್ದ ಟ್ರೇ, ಈಗ ಎಲ್ಲ ಗುಳಿಗಳೂ ತುಂಬಿ ಕೂತಿದೆ!

ಸ್ಟೋರ್ ನೋಡಿಕೊಳ್ಳುತ್ತಿದ್ದವರು ಮಂಗಳೂರಿನ ಒಬ್ಬ ಪೊರ್ಬುಗಳು. ನಾವು ತುಳುವರು ಕ್ರಿಶ್ಚನ್ ಹಿರಿಯರನ್ನು ಹಾಗೆಯೇ ಕರೆಯುವುದು. ಮೊದಲು ಮಸ್ಕತ್ತಿನ ಹಮ್ರಿಯಾದ ಒಂದು ದಿನಸಿ ಅಂಗಡಿಯಲ್ಲಿದ್ದವರು.

"ಪೊರ್ಬುಗಳೇ, ಈ ಟ್ರೇ ತುಂಬಿಸಿದ್ದು ಯಾರು?"

"ನಾನೇ ಮಾರಾಯ್ರೆ. ಅಲ್ಲಿ ಅರ್ಧ, ಇಲ್ಲಿ ಅರ್ಧ ಯಾಕೆ ಅಂತ ಒಂದೆರಡು ತಿಂಗಳಿಂದ ಒಟ್ಟು ಮಾಡ್ತಾ ಇದ್ದೇನೆ. ಹಳತು ಮುಗಿಯದೆ ಹೊಸತು ಒಡೆಯಬಾರದಲ್ವಾ? ಎರಡೂ ಒಂದೇ ಕಂಪೆನಿ, ಒಂದೇ ಬಣ್ಣ."

ನನಗೆ ಪಿತ್ತ ನೆತ್ತಿಗೇರಿತು. "ಇದೇನು ಸಕ್ಕರೆ ಡಬ್ಬಿಯಾ? ಒಂದು ಸಾದಾ ಕೇಪು, ಇನ್ನೊಂದು ದೊಡ್ಡ ಕೋವಿಯ ಖಾರದ ಕೇಪು!" ಎಂದು ಕೂಗಾಡಿದೆ. ಹೊರಗೆ ಎರಡೂ ಒಂದೇ ಥರ ಇರುತ್ತವೆ. ಒಂದರ ಕಿಡಿ ಹದವಾದದ್ದು, ಇನ್ನೊಂದರದು ಜೋರು. ಜೋರಿನದಕ್ಕೆ ಗುಂಡು ಕೊಂಚ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಹತ್ತಿರದ ಗುರಿಗೆ ಗೊತ್ತಾಗುವುದಿಲ್ಲ. ಮುನ್ನೂರು ಮೀಟರಿನಷ್ಟು ದೂರದಲ್ಲಿ ಅದು ಮೇಲೆ ಬೀಳುತ್ತದೆ. ಪೊರ್ಬುಗಳು ಹಣೆಯ ಬೆವರು ಒರೆಸಿಕೊಂಡು, "ದೇವರೇ, ಆ ಮನುಷ್ಯನ ಹೊಟ್ಟೆಗೆ ಹೊಡೆದೆನಾ ನಾನು?" ಎಂದರು.

ಸೀಲ್ ಒಡೆಯದ ಪೆಟ್ಟಿಗೆಯಿಂದ ಸಾದಾ ಕೇಪು ತೆಗೆದು ಹೊಸ ತೋಟೆ ತುಂಬಿದೆ. ಹಿರಿಯ ಶೂಟರದೇ ಕೋವಿಯನ್ನು ಮರಳಿನ ಚೀಲದ ಮೇಲೆ ಇಟ್ಟು, ದುರ್ಬೀನು ಸಿಕ್ಕಿಸಿ ನಾನೇ ಹೊಡೆದು ನೋಡಿದೆ. ತೂತುಗಳೆಲ್ಲ ಒಂದು ಅಂಗೈಯೊಳಗೆ! ಆ ಕಾಗದ ಹಿಡಿದು ಶೂಟರ್ ಹತ್ತಿರ ಓಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನನ್ನು ತಬ್ಬಿಕೊಂಡರು. ಪೊರ್ಬುಗಳಿಗೆ ಬೈಯುವ ಬದಲು ಹಲ್ವಾ ತರಿಸಿ ತಿನ್ನಿಸಿದರು. ನನಗೂ ಖುಷಿಯೋ ಖುಷಿ.

ಗುರುವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಅವರು ಚಾಪೆಯ ಮೇಲೆ ಮಲಗಿ ಹೊಡೆಯತೊಡಗಿದರು. ನಾನು ದೂರದರ್ಶಕದಲ್ಲಿ ನೋಡುತ್ತಿದ್ದೆ. ಮೇಲೆ ಕೆಳಗೆ ಸಾಲಾಗಿ ಬೀಳುವುದು ನಿಂತಿತ್ತು. ಆದರೆ ಗುಂಡುಗಳು ಒಟ್ಟಾಗಲೂ ಇಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೂಲೆಗೆ. ಚೆಲ್ಲಿದ ಮಂಡಕ್ಕಿಯ ಹಾಗೆ. ನಾನು ಹೊಡೆದು ನೋಡಿದ್ದ ಅದೇ ಕೋವಿ, ಅದೇ ತೋಟೆ. ಅಕ್ಕಪಕ್ಕಕ್ಕೆ ಚೆದುರುವುದು ಮೊದಲೂ ಇತ್ತು, ಮೇಲೆ ಕೆಳಗಿನ ಗಲಾಟೆಯಲ್ಲಿ ನಾವು ಗಮನಿಸಿರಲಿಲ್ಲ; ಕೇಪಿನ ತಪ್ಪು ಇಷ್ಟು ದಿನ ಕಣ್ಣಿನ ತಪ್ಪನ್ನು ಮುಚ್ಚಿಟ್ಟಿತ್ತು.

ಅವರು ಎದ್ದು ಬಂದರು. "ಭಾಯಿ, ಇವತ್ತೂ ಪ್ರೈಮರ್ ತೊಂದರೆಯಾ?"

ನಾನು ಬಾಯಿ ತೆರೆಯುವ ಮೊದಲೇ ಪೊರ್ಬುಗಳು ಹರಕು ಹಿಂದಿಯಲ್ಲಿ, "ಹೌದು, ನನ್ನದೇ ತಪ್ಪು. ಇನ್ನೂ ಬೆರಕೆ ಉಳಿದಿದೆ. ಕೋಚ್ ಹತ್ತಿರ ನಾನೇ ಹೇಳ್ತೇನೆ, ಇನ್ನೊಂದು ದಿನ ಕೊಡ್ತಾರೆ" ಎಂದರು. ಹಾಗೆ ಹೇಳಿದ್ದರೆ ಸಂಜೆಯೊಳಗೆ ಪೊರ್ಬುಗಳ ವೀಸಾ ಕ್ಯಾನ್ಸಲ್.

ಶೂಟರ್ ಪೊರ್ಬುಗಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಕೇಪು ಸರಿಯಾಗಿತ್ತು" ಎಂದೆ.

ಅವರು ತಲೆಯಾಡಿಸಿದರು. "ಖಲಾಸ್" ಎಂದು ಕೋವಿಯನ್ನು ನನ್ನ ಕೈಗೆ ಕೊಟ್ಟು ಕೋಚ್ ಕಡೆಗೆ ತಾವೇ ನಡೆದುಹೋದರು.

ಸಂಜೆ ಕ್ಲಬ್ಬಿನ ವ್ಯಾನಿನಲ್ಲಿ ಪೊರ್ಬುಗಳು ನನ್ನ ಪಕ್ಕವೇ ಕೂತರು. ಹಮ್ರಿಯಾದಲ್ಲಿ ಇಳಿಯುವಾಗ ತಿರುಗಿ, "ಸುಳ್ಳು ಹೇಳಿದ್ದು ನಾನು, ಬೈಸಿಕೊಳ್ಳುವವನೂ ನಾನು. ಸುಮ್ಮನಿದ್ದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿದರು.