ಶ್ರೀಯುತ ಚಿಕೋರಿಯವರ ವಾಸ್ತವ್ಯದ ಕುರಿತು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ರಜೆ ಅರ್ಜಿಗಿಂತ ಉದ್ದವಾದದ್ದೇನನ್ನೂ ನಾನು ಈವರೆಗೆ ಬರೆದವಳಲ್ಲ. ಎಲ್ಲಿಯಾದರೂ ಲೋಪ ಕಂಡುಬಂದಲ್ಲಿ ಮನ್ನಿಸಬೇಕೆಂದು ಆರಂಭದಲ್ಲಿಯೇ ಕೋರುತ್ತೇನೆ.

ಚಿಕ್ಕಮಗಳೂರಿನ ಐಟಿ ಸೇವಾ ಕಂಪನಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ಕರ್ತವ್ಯ ನಿರ್ವಹಿಸುತ್ತಿದ್ದೇನೆ. ಗ್ರಾಹಕರ ಫೋನ್ ಸ್ವೀಕರಿಸುವ ನಾವು ಕೆಳಮಹಡಿಯಲ್ಲಿಯೂ, ಸಾಫ್ಟ್‌ವೇರ್ ಬರೆಯುವ ವಿಭಾಗದವರು ಮೇಲ್ಮಹಡಿಯಲ್ಲಿಯೂ ಇದ್ದೇವೆ. ಸದರಿ ಮಹಡಿಗಳ ನಡುವೆ ಮೆಟ್ಟಿಲುಗಳಿದ್ದರೂ ಅವುಗಳನ್ನು ಬಳಸುವವರು ಯಾರೂ ಇರಲಿಲ್ಲ. ಇದಕ್ಕೆ ಕಾರಣ ಕಾಫಿ.

ಮೇಲಿನವರಲ್ಲಿ ಬಹುತೇಕರು ಮಲ್ಲಂದೂರಿನ ಕಡೆಯ ತೋಟದ ಮನೆಗಳವರು. ಮನೆಯಿಂದಲೇ ಪುಡಿ ತರುತ್ತಾರೆ. ಕಾಫಿಗೆ ಚಿಕೋರಿ ಬೆರೆಸುವುದು ಅವರ ದೃಷ್ಟಿಯಲ್ಲಿ ಮನೆತನಕ್ಕೇ ಅವಮಾನ. ಚಿಕೋರಿ ಇಲ್ಲದ್ದನ್ನು ಕೆಳಗಿನ ನಾವು ಕಾಫಿಯೆಂದು ಪರಿಗಣಿಸುವುದಿಲ್ಲ. ಆದಕಾರಣ ಮಹಡಿಗೊಂದು ಫಿಲ್ಟರ್ ಇದ್ದು, ಉಭಯ ವಿಭಾಗಗಳ ಸಕಲ ವ್ಯವಹಾರವೂ ಕಂಪ್ಯೂಟರಿನ ಸಂದೇಶಗಳ ಮೂಲಕವೇ ನಡೆಯುತ್ತಿತ್ತು. ನಾವು ಏನೇ ಬರೆದರೂ ಮೇಲಿನಿಂದ ಬರುತ್ತಿದ್ದ ಉತ್ತರ ಒಂದೇ: “ಪರಿಶೀಲನೆಯಲ್ಲಿದೆ.”

ಹೀಗಿರುವಾಗ ಹೊರನಾಡಿನಲ್ಲಿ ವಸತಿಗೃಹ ನಡೆಸುವ ನನ್ನ ದೊಡ್ಡಮ್ಮನವರಿಂದ ದೂರು ಬಂತು. ರೂಮು ಬುಕ್ ಮಾಡುವ ನಮ್ಮ ಸಾಫ್ಟ್‌ವೇರನ್ನು ಅವರಿಗೆ ಹಟ ಹಿಡಿದು ಕೊಡಿಸಿದವಳು ನಾನೇ. ಅವರ ಹಿಂಬದಿಯ ರೂಮಿನ ಹೆಂಚುಗಳನ್ನು ಮಂಗಗಳು ಸರಿಸಿದ್ದವು. ದುರಸ್ತಿಯಾಗುವವರೆಗೆ ಆ ರೂಮನ್ನು ಯಾರಿಗೂ ಕೊಡಬಾರದಿತ್ತು. ರೂಮನ್ನು ಮುಚ್ಚಿಡುವ ವ್ಯವಸ್ಥೆಯೇ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಮೇಲಿನವರಿಗೆ ಬರೆದೆವು. ಪರಿಶೀಲನೆಯಲ್ಲಿದೆ ಎಂದರು.

ಅನ್ಯ ಮಾರ್ಗವಿಲ್ಲದೆ ನಾವು ಒಬ್ಬ ಅತಿಥಿಯನ್ನು ಸೃಷ್ಟಿಸಿ, ಅವರ ಹೆಸರಿನಲ್ಲಿ ಆ ರೂಮನ್ನು ತಿಂಗಳಿಡೀ ಬುಕ್ ಮಾಡಿದೆವು. ಹೆಸರಿಡುವಾಗ ಎಲ್ಲರ ಕೈಯಲ್ಲೂ ಕಾಫಿ ಲೋಟವಿದ್ದುದರಿಂದ ಅವರು ಶ್ರೀಯುತ ಚಿಕೋರಿಯವರಾದರು.

ಆಶ್ಚರ್ಯವೆಂದರೆ, ಬೆಳಿಗ್ಗೆ ನಾವು ಸೇರಿಸಿದ ಚಿಕೋರಿಯವರು ಸಂಜೆಯೊಳಗೆ ಮಾಯವಾಗುತ್ತಿದ್ದರು. ಮರುದಿನ ಮತ್ತೆ ಸೇರಿಸಿದರೆ ಮತ್ತೆ ಮಾಯ. ಆ ನಡುವೆ ರೂಮು ಬೇರೆ ಯಾರಿಗೋ ಹೋಗುತ್ತಿತ್ತು.

ದೊಡ್ಡಮ್ಮ ಫೋನ್ ಮಾಡಿದರು. “ಎಂತ ಮಾರಾಯ್ತಿ ಇದು? ನಿನ್ನೆ ಬಂದವ್ರು ಮಂಚದ ಮೇಲೆ ಛತ್ರಿ ಬಿಡಿಸ್ಕೊಂಡು ಮಲಗಿದ್ರು. ಮಳೆಗಾಲದ ಸ್ಪೆಷಲ್ ರೂಮಾ ಅಂತ ಕೇಳಿ ಹೋದ್ರು!”

“ಇವತ್ತೇ ಸರಿ ಮಾಡಿಸ್ತೀನಿ ದೊಡ್ಡಮ್ಮ.”

“ಶನಿವಾರ ಪುಟ್ಟ ಮಗು ಇರೋರು ಬರ್ತಾರೆ. ಅವ್ರಿಗೇನಾದ್ರೂ ಆ ರೂಮು ಸಿಕ್ತೋ, ನಿನ್ನ ಕಂಪ್ಯೂಟರನ್ನ ಅದೇ ಹೆಂಚಿನ ಕೆಳಗೆ ಇಟ್ಟು ಬಾಗಿಲು ಹಾಕ್ತೀನಿ. ಆಮೇಲೆ ನೀನು ಹಬ್ಬಕ್ಕೂ ಈ ಕಡೆ ತಲೆ ಹಾಕ್ಬೇಡ.”

ದೊಡ್ಡಮ್ಮನವರ ಕೈಯ ಹಲಸಿನ ಕಡುಬನ್ನು ಉಂಡವರಿಗೆ ಈ ಬೆದರಿಕೆಯ ಗಾಂಭೀರ್ಯ ಅರ್ಥವಾದೀತು.

ಇದೇ ಸಮಯಕ್ಕೆ, ವಿಭಾಗಗಳ ನಡುವೆ ಮಾತುಕತೆ ಹೆಚ್ಚಿಸಬೇಕೆಂದು ನಮ್ಮ ಮಾಲೀಕರು ತೀರ್ಮಾನಿಸಿದರು. ಉಭಯ ವಿಭಾಗಗಳೂ ಶುಕ್ರವಾರದಿಂದ ಮೆಟ್ಟಿಲ ಬುಡದಲ್ಲಿ ಸೇರಿ ಒಂದೇ ಫಿಲ್ಟರಿನ ಕಾಫಿ ಕುಡಿಯತಕ್ಕದ್ದು ಎಂದು ಅಪ್ಪಣೆಯಾಯಿತು.

“ಸರ್, ಚಿಕೋರಿ?” ಎಂದು ಎರಡೂ ಕಡೆಯವರು ಒಟ್ಟಿಗೆ ಕೇಳಿದರು. ನನಗೆ ತಿಳಿದಮಟ್ಟಿಗೆ ಅದು ಉಭಯ ವಿಭಾಗಗಳ ಪ್ರಥಮ ಜಂಟಿ ಹೇಳಿಕೆ.

“ಸ್ವಲ್ಪ ಹಾಕಿ ಮಾರಾಯ್ರೆ, ಸ್ವಲ್ಪ!” ಎಂದು ಹೇಳಿ ಮಾಲೀಕರು ತೋಟಕ್ಕೆ ಹೊರಟುಹೋದರು.

ಶುಕ್ರವಾರ ಎಲ್ಲರೂ ಲೋಟ ಹಿಡಿದು, ಯಾರೋ ತೀರಿಕೊಂಡ ಮನೆಯಲ್ಲಿ ನಿಂತಂತೆ ನಿಂತಿದ್ದೆವು. ಮೇಲ್ಮಹಡಿಯ ಇಂಜಿನಿಯರರೊಬ್ಬರು ಒಂದು ಗುಟುಕು ಕುಡಿದು, “ಇದೆಂತದು, ಕಷಾಯವಾ?” ಎಂದರು.

ನನ್ನ ಪಕ್ಕದ ಸಹೋದ್ಯೋಗಿಗೆ ತಡೆಯಲಾಗಲಿಲ್ಲ. “ನಿಮ್ಗೆ ಚಿಕೋರಿ ಕಂಡ್ರೆ ಆಗಲ್ಲ, ಸರಿ. ಆದ್ರೆ ಹೊರನಾಡಲ್ಲಿರೋ ನಮ್ಮ ಚಿಕೋರಿಯವ್ರನ್ನೂ ಯಾರೋ ದಿನಾ ಓಡಿಸ್ತಾರಲ್ಲ ಮಾರಾಯ, ಅವ್ರೇನು ಮಾಡಿದ್ರು?”

ಇಂಜಿನಿಯರರ ಲೋಟ ಬಾಯಿಯ ಹತ್ತಿರವೇ ನಿಂತಿತು. “ಫೋನ್ ನಂಬರ್ ಇಲ್ದಿರೋ ಚಿಕೋರಿಯಾ? ದಿನಾ ಅಳಿಸೋದು ನಾನೇ.”

“ಯಾಕೆ?”

“ನಮ್ಮನ್ನ ಅಣಕಿಸೋಕೆ ಹಾಕ್ತೀರಿ ಅಂದ್ಕೊಂಡೆ.”

“ಕೆಳಗೆ ಬಂದು ಒಂದು ಮಾತು ಕೇಳೋದಲ್ವಾ?”

“ಬಂದ್ರೆ ಈ ಕಾಫಿ ಕೊಡ್ತಿದ್ರಲ್ಲ!”

ನಾನು ಮಂಗಗಳಿಂದ ಆರಂಭಿಸಿ ಮಗುವಿನವರೆಗೆ ಸಮಸ್ತವನ್ನೂ ವಿವರಿಸಿದೆ. ಅವರು ಕಷಾಯವನ್ನು ಪೂರ್ತಿ ಕುಡಿದರು. ರೂಮು ಮುಚ್ಚುವ ಗುಂಡಿಯನ್ನು ಮುಂದಿನ ವಾರ ಮಾಡಿಕೊಡುವುದಾಗಿಯೂ, ಅಲ್ಲಿಯವರೆಗೆ ಚಿಕೋರಿಯವರನ್ನು ಮುಟ್ಟುವುದಿಲ್ಲವೆಂದೂ ಭರವಸೆ ನೀಡಿದರು. ಆ ಸಂಜೆ ಚಿಕೋರಿಯವರು ಪ್ರಥಮ ಬಾರಿಗೆ ಅಳಿಯದೆ ಉಳಿದರು. ಮಗುವಿನ ಮನೆಯವರಿಗೆ ಕಂಪ್ಯೂಟರಿನಲ್ಲಿ ರಸ್ತೆಯ ಕಡೆಯ ಒಳ್ಳೆಯ ರೂಮು ದೊರೆಯಿತು. ನಾನು ನಿಶ್ಚಿಂತೆಯಿಂದ ಮನೆಗೆ ಹೋದೆ.

ಶನಿವಾರ ಮಧ್ಯಾಹ್ನ ದೊಡ್ಡಮ್ಮನವರ ಫೋನ್ ಬಂತು.

“ಅಲ್ಲ ಕಣೇ, ಈ ಚಿಕೋರಿಯವ್ರು ಎಷ್ಟೊತ್ತಿಗೆ ಬರ್ತಾರೆ?”

ಎರಡೂ ಮಹಡಿಗಳಿಗೆ ತಿಳಿಸಿದ್ದ ವಿಷಯವನ್ನು ದೊಡ್ಡಮ್ಮನವರಿಗೆ ತಿಳಿಸಲು ಎಲ್ಲರೂ ಮರೆತಿದ್ದೆವು.

“ತಿಂಗಳಿಡೀ ಇರೋರು, ಪಾಪ, ಸೋರೋ ರೂಮಲ್ಲಿ ಹೇಗೆ ಮಲಗಿಸ್ಲಿ? ರಸ್ತೆ ಕಡೆ ರೂಮನ್ನೇ ತೆಗೆದಿಟ್ಟಿದೀನಿ. ಮಗು ಇರೋರು ಬಂದು ಜಗಲಿ ಮೇಲೆ ಕೂತಿದಾರೆ. ಇವ್ರು ಬಂದ್ರೆ ಒಂದು ಮಾತು ಕೇಳಿ ಅವ್ರಿಗೆ ಬಿಡಿಸ್ಕೊಡೋಣ ಅಂತ.”

“ದೊಡ್ಡಮ್ಮಾ, ಅವ್ರು ಬರಲ್ಲ. ಅಂಥವ್ರು ಯಾರೂ ಇಲ್ಲ. ಮೊದ್ಲು ಮಗುವನ್ನ ಒಳಗೆ ಕರ್ಕೊಳ್ಳಿ!”

ಆ ತುದಿಯಲ್ಲಿ ಅವಸರದ ಹೆಜ್ಜೆಗಳ ಸದ್ದು. ಬೀಗದ ಕೈ ಸದ್ದು, ಮಗುವಿನ ಅಳು, ಬಾಗಿಲು ತೆರೆದ ಸದ್ದು. ಅನಂತರ ದೊಡ್ಡಮ್ಮನವರು ಪುನಃ ಫೋನಿಗೆ ಬಂದರು.

“ಮಗು ಮಲಗ್ತು. ಹಬ್ಬಕ್ಕೆ ಬಾ, ನಿನ್ನನ್ನ ಆಗ ವಿಚಾರಿಸ್ಕೊಳ್ತೀನಿ. ಅವ್ರಿಗೆ ಅಂತ ಎಲೆ ಬೇರೆ ಹಾಕ್ಸಿದ್ದೆ. ದಂಡ ಆಗ್ಬಾರ್ದಲ್ಲ, ನಾನೇ ಕೂತ್ಕೊಳ್ತೀನಿ.”

ಹಬ್ಬಕ್ಕೆ ಹೋಗಲು ರಜೆ ಮಂಜೂರಾಗಿದೆಯೆಂದು ಈ ಮೂಲಕ ಸಂತೋಷದಿಂದ ತಿಳಿಸುತ್ತೇನೆ.